ಹೂಳಿನ ಮೇಲೆ ಮೊರ ಕಟ್ಟಿಕೊಂಡು ಓಡಿದ್ದು

ಒಂದು ಬಿದಿರಿಗೆ ಎಂಬತ್ತು ರೂಪಾಯಿ. ಒಂದು ಬಿದಿರಿನಲ್ಲಿ ಮೂರು ಮೊರ ಆಗುತ್ತವೆ. ಮೊರಕ್ಕೆ ಎಪ್ಪತ್ತರಂತೆ ಮಾರಿದರೆ ಇನ್ನೂರ ಹತ್ತು. ಇಲ್ಲಿಯವರೆಗೆ ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಒಣ ಬಿದಿರು ಬಾಗುವುದಿಲ್ಲ, ಮುರಿಯುತ್ತದೆ. ಅದನ್ನು ಎರಡು ದಿನ ನೀರಲ್ಲಿ ನೆನೆಸಬೇಕು. ಲಾತೂರಿಗೆ ರೈಲಿನಲ್ಲಿ ನೀರು ಬಂದ ಆ ಬೇಸಿಗೆಯಲ್ಲಿ ಗಡಿನಾಡಿನ ನಮ್ಮ ಔರಾದ ಶಹಾಜನಿಯಲ್ಲಿ ಕೊಡ ನೀರಿಗೆ ಆರು ರೂಪಾಯಿ. ಒಂದು ಬಿದಿರಿಗೆ ಹನ್ನೆರಡು ಕೊಡ ಎಂದರೆ ಎಪ್ಪತ್ತೆರಡು ರೂಪಾಯಿ. ಎಲ್ಲ ಕಳೆದು ಎರಡು ದಿನದ ದುಡಿಮೆಗೆ ಚಂದ್ರಭಾಗಾಳ ಕೈಯಲ್ಲಿ ಉಳಿಯುತ್ತಿದ್ದದ್ದು ಐವತ್ತೆಂಟು. ಹೈದರಾಬಾದಿನ ಇಟ್ಟಿಗೆ ಭಟ್ಟಿಯಲ್ಲಿ ಹೆಣ್ಣಾಳಿಗೆ ಒಂದೇ ದಿನಕ್ಕೆ ಇನ್ನೂರೈವತ್ತು ಕೊಡುತ್ತಿದ್ದರು.

ಈ ಲೆಕ್ಕವನ್ನು ಚಂದ್ರಭಾಗಾಳೇ ನನ್ನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಹೇಳಿದಳು. ಅವಳು ಬುಟ್ಟಿ, ಮೊರ ನೇಯುವವಳು. ಬುರುಡರ ಓಣಿಯಲ್ಲಿ ಒಂಬತ್ತು ಮನೆ ಇದ್ದವು. ಎಂಟಕ್ಕೆ ಬೀಗ ಬಿದ್ದಿತ್ತು. ಅವಳ ಗಂಡನೂ ಸಂಕ್ರಾಂತಿ ಮುಗಿಸಿ ಭಟ್ಟಿಗೆ ಹೋಗಿದ್ದ. ಅವಳು ಮಾತ್ರ ಬಿದಿರು ನೆನೆಸುವ ಕಲ್ಲಿನ ದೋಣಿಯನ್ನು ಕಾಯುತ್ತ ಉಳಿದಿದ್ದಳು.

"ಅಕ್ಕಾ, ಈ ತಿಂಗಳ ಕಡೀ ಸೋಮವಾರ ಮುಕಾದಮ ಭಟ್ಟಿಗಿ ಆಳ್ ಒಯ್ಲಾಕ ಗಾಡಿ ತರ್ತಾನ. ನಾ ಭಿ ಹತ್ತಾಕೀನೇ."

"ಬುಟ್ಟಿ ಹೆಣಿಯೋ ಕೈ ಇಟ್ಟಂಗಿ ಹೊರ್ತದೇನ?"

"ಕೈಗೇನ್ ತಿಳೀತದ್ರೀ, ಹೊಟ್ಟಿ ಹೇಳ್ದಂಗ ಕೇಳ್ತದ. ಖರೇ ಅಂದ್ರ ಅಕ್ಕಾ, ಒಂದ್ ವರ್ಸ ನಾ ಇಲ್ಲಂದ್ರ ಊರೆಲ್ಲ ಪ್ಲಾಸ್ಟಿಕ್ ಮೊರ ತಗೋತದ. ಆಮ್ಯಾಲ ಮಳಿ ಬಂದ್ರೇನ್, ನದಿ ಬಂದ್ರೇನ್. ನನ್ ಕಡೀಗಿ ಯಾರ್ ಬರ್ತಾರ?"

ಅವಳ ಮಾತು ಸರಿಯಾಗಿತ್ತು. ನಾನು ವ್ಯಾಪಾರದವಳು, ಒಮ್ಮೆ ಬೇರೆ ಅಂಗಡಿಯ ರುಚಿ ಹತ್ತಿದ ಗಿರಾಕಿ ಹಿಂದಿರುಗುವುದಿಲ್ಲವೆಂದು ನನಗೆ ಗೊತ್ತು. ನೀರು ಕೊಡೋಣವೆಂದರೆ ನಮ್ಮ ಬೋರು ಮಾಘದಲ್ಲೇ ನಿಂತು ಹೋಗಿತ್ತು. ನಾವೂ ಕೊಡದ ಲೆಕ್ಕದಲ್ಲಿ ಕೊಳ್ಳುತ್ತಿದ್ದೆವು.

ಮರುದಿನ ಬೆಳಿಗ್ಗೆ ಓಟದ ಮಂಡಳಿಯಲ್ಲಿ ಒಂದು ಸುದ್ದಿ ಬಂತು.

ನಮ್ಮ ಮಂಡಳಿಯ ಬಗ್ಗೆ ಹೇಳಬೇಕು. ತೊಗರಿ ವ್ಯಾಪಾರಿ ವಿಶ್ವನಾಥಪ್ಪನವರಿಗೆ ಡಾಕ್ಟರು ಹೆದರಿಸಿದ ಮೇಲೆ ಅದು ಶುರುವಾಯಿತು. ಒಬ್ಬರೇ ಓಡಿದರೆ ನಾಯಿ ಬೆನ್ನು ಹತ್ತುತ್ತವೆಂದು ಅವರು ಹತ್ತು ಜನರನ್ನು ಸೇರಿಸಿದರು. ಸಕ್ಕರೆ ಕಾಯಿಲೆ ಇದ್ದ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಕಚ್ಚೆ ಬಿಗಿದು ಸೇರಿದೆ. ಮೊದಲ ದಿನ ಬಸ್‌ಸ್ಟ್ಯಾಂಡಿನವರೆಗೆ ಓಡಿ ವಾಂತಿ ಮಾಡಿಕೊಂಡೆ. ಎರಡು ವರ್ಷದಲ್ಲಿ ಮಾಳದ ಕಲ್ಲುದಾರಿಯಲ್ಲಿ ಎಂಟು ಕಿಲೋಮೀಟರು ಓಡುವವಳಾದೆ. ನಮಗೆ ಓಡಲು ಕಲಿಸಿದವರು ಹವಾಲ್ದಾರ್ ವೈಜನಾಥ. ಹದಿನೇಳು ವರ್ಷ ಫೌಜಿನಲ್ಲಿದ್ದು, ಮೂರು ಚಳಿಗಾಲ ಹಿಮದ ಗಡಿಯಲ್ಲಿ ಕಳೆದು, ಎಡಗಾಲಿನ ಎರಡು ಬೆರಳ ತುದಿಯನ್ನು ಅಲ್ಲೇ ಬಿಟ್ಟು ಬಂದವರು.

ಪ್ರತಿ ವರ್ಷ ಉದಗೀರ, ನಿಲಂಗಾ, ಉಮರಗಾ ಮತ್ತು ನಮ್ಮ ಮಂಡಳಿಗಳು ಸೇರಿ ನಿಲಂಗಾ ದಾರಿಯ ದೊಡ್ಡ ತಲಾವಿನ ಸುತ್ತ ಓಡುತ್ತಿದ್ದವು. ಆ ವರ್ಷ ತಲಾವಿನಲ್ಲಿ ನೀರಿರಲಿಲ್ಲ. ಹೂಳೆತ್ತುವ ಕೆಲಸ ನಡೆದು, ಎರಡು ತಿಂಗಳು ಟ್ರ್ಯಾಕ್ಟರು ತಿರುಗಾಡಿ, ತಳವೆಲ್ಲ ಜೋಳದ ಹಿಟ್ಟಿನಂಥ ಧೂಳಾಗಿತ್ತು. ಕಾಲಿಟ್ಟರೆ ಮೊಳಕಾಲಿನ ತನಕ ಇಳಿಯುತ್ತಿತ್ತು. ಉದಗೀರದ ಮಂಡಳಿಯ ಮುಖಂಡ ಜಗದೇವಪ್ಪ ವಿಶ್ವನಾಥಪ್ಪನವರಿಗೆ ಫೋನು ಮಾಡಿ, ಈ ಸಲ ಸುತ್ತ ಬೇಡ, ನಡುವೆಯೇ ಹಾಯ್ದು ಹೋಗೋಣ ಎಂದ. ಏರಿಯಿಂದ ಹೊರಟು ಮೂರು ಕಿಲೋಮೀಟರು ಮಾಳ ಬಳಸಿ, ಆಮೇಲೆ ಒಂದೂಕಾಲು ಕಿಲೋಮೀಟರು ಹೂಳು ಹಾಯ್ದು, ಮತ್ತೆ ಅದೇ ಏರಿಯ ಮೇಲೆ ಗೆರೆ. ಮಂಡಳಿಗೆ ನಾಲ್ವರು, ಅದರಲ್ಲಿ ಇಬ್ಬರು ಹೆಂಗಸರು. ನಾಲ್ಕನೆಯವರು ಗೆರೆ ದಾಟಿದಾಗ ಆ ಮಂಡಳಿಯದು ಮುಗಿದಂತೆ. ಬಹುಮಾನ ಕೊಡುವವನು ಉದಗೀರದ ಒಬ್ಬ ಪಂಪಿನ ವ್ಯಾಪಾರಿ: ಗೆದ್ದವರು ಹೇಳಿದ ಜಾಗಕ್ಕೆ ಮರುದಿನದಿಂದಲೇ, ಮಳೆ ಬರುವ ತನಕ, ವಾರಕ್ಕೊಂದು ಟ್ಯಾಂಕರ್ ನೀರು.

ವಾರಕ್ಕೆ ಐದು ಸಾವಿರ ಲೀಟರು! ನನ್ನ ಕಣ್ಣ ಮುಂದೆ ಆ ಕಲ್ಲಿನ ದೋಣಿ ಬಂತು. ಓಟ ಇದ್ದದ್ದು ಭಾನುವಾರ. ಮುಕಾದಮನ ಗಾಡಿ ಬರುವುದು ಅದರ ಮರುದಿನ.

"ಉದಗೀರದವ್ರ್ ಗೆಲ್ತಾರ," ಎಂದರು ವಿಶ್ವನಾಥಪ್ಪ. "ಅವ್ರ್ ಬೂಟೇ ಎರಡೂವರೆ ಸಾವಿರದ್ದು ಅವ."

"ಧೂಳಿನಾಗ ಬೂಟ್ ಏನ್ ಮಾಡ್ತದ್ರೀ?" ಎಂದರು ವೈಜನಾಥ. "ಬರ್ಫದಾಗ ನಾವ್ ಬೂಟಿನ ಕೆಳಗ ಇಷ್ಟಗಲದ್ದು ಜಾಳಿಗಿ ಕಟ್ಕೋತಿದ್ವಿ. ಕಾಲ್ ಇಳೀಯಂಗಿಲ್ಲ. ಹಂಗಾ ಓಡತಿದ್ವಿ."

"ಏ ಹವಾಲ್ದಾರ್, ಮುಂಜಾನಿ ಮುಂಜಾನಿ ಬಂಡಲ್ ಬಿಡಬ್ಯಾಡ."

"ಬಂಡಲ್ ಅಲ್ರೀ ಮಾಲಕ್ರ! ಮೊರ ಇದ್ದಂಗ ಇರ್ತದ. ಮೊರಾನೇ ಅಂತ ತಿಳ್ಕೋರಿ."

ಮೊರ ಎಂದ ಕೂಡಲೇ ನಾನು ನಿಂತ ಕಾಲಲ್ಲೇ ಚಂದ್ರಭಾಗಾಳ ಮನೆಗೆ ನಡೆದೆ.

ಅವಳು ಪೂರ್ತಿ ಕೇಳುವ ಮೊದಲೇ ಕಿವಿ ಮುಚ್ಚಿಕೊಂಡಳು. ಮೊರಕ್ಕೆ ಕಾಲು ತಾಕಿದರೆ ನಾವು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು. ಅದು ಲಕ್ಷ್ಮಿ. ಅದರ ಮೇಲೆ ನಿಂತು ಓಡುವುದೆಂದರೆ?

"ಯವ್ವಾ ಅಕ್ಕಾ, ನನ್ ಕೈಲಿಂದ ಆಗಂಗಿಲ್ಲ. ನಮ್ಮತ್ತಿ ಸ್ವರ್ಗದಾಗಿಂದ ಇಳದ್ ಬಂದು ಬಡೀತಾಳ."

"ಚಂದ್ರಭಾಗಾ, ನೀ ಒಂದ್ ಮಾತ್ ಹೇಳು. ನೇಯೋವಾಗ ನೀ ಕಾಲಾಗ ಹಿಡ್ಕೊಂಡೇ ನೇಯ್ತಿ ಹೌದಿಲ್ಲ? ಆಗ ಪಾಪ ಇಲ್ಲೇನ?"

ಅವಳು ಕಿವಿಯಿಂದ ಕೈ ತೆಗೆದಳು. ಆಮೇಲೆ ನಕ್ಕಳು.

"ಅಂಚ್ ಕಟ್ಟೋ ತನಾ ಅದು ಬರೀ ಬಿದಿರು. ಅಂಚ್ ಕಟ್ಟಿ ಕುಂಕುಮ ಹಚ್ಚಿದ ಮ್ಯಾಲೇ ಲಕ್ಷ್ಮಿ."

"ಹಂಗಾದ್ರ ಅಂಚ್ ಕಟ್ಟಬ್ಯಾಡ."

ಕರಾರು ಅಲ್ಲೇ ಆಯಿತು. ಮನೆಯಲ್ಲಿ ಉಳಿದಿದ್ದ ಕೊನೆಯ ಆರು ಬಿದಿರನ್ನು ಅವಳು, ನಾವೆಲ್ಲ ಕುಡಿಯುವ ನೀರಿನಲ್ಲಿ ಮಿಗಿಸಿ ಕೊಟ್ಟದ್ದರಲ್ಲಿ, ನೆನೆಸುವುದು; ಗೆದ್ದರೆ ಟ್ಯಾಂಕರು ಮೊದಲು ಅವಳ ದೋಣಿ ತುಂಬುವುದು, ಉಳಿದದ್ದು ಓಣಿಯ ಹಂಡೆಗಳಿಗೆ. ವಿಶ್ವನಾಥಪ್ಪನವರು ಒಪ್ಪಿಕೊಂಡರು, ಏಕೆಂದರೆ ಗೆಲ್ಲುವ ನಂಬಿಕೆ ಅವರಿಗೆ ಇರಲೇ ಇಲ್ಲ. ತಂಡದಲ್ಲಿ ವೈಜನಾಥ, ನಾನು, ಮಂಡಳಿಯ ಯಜಮಾನರೆಂದು ವಿಶ್ವನಾಥಪ್ಪನವರು; ಎರಡನೆಯ ಹೆಂಗಸೊಬ್ಬಳು ಬೇಕಾಗಿತ್ತು. ಚಂದ್ರಭಾಗಾ ತಲೆಯ ಮೇಲೆ ಬಿದಿರಿನ ಹೊರೆ ಹೊತ್ತು ನಾಲ್ಕು ಹಳ್ಳಿ ಸುತ್ತುವವಳು. ಓಡಬೇಕೆಂದರೆ, "ಹೊರಿ ಇಲ್ಲದೇನ? ಅದೇನ್ ದೊಡ್ದು!" ಎಂದಳು.

ಅಭ್ಯಾಸದ ಮೊದಲ ದಿನ ತಲಾವಿನ ಹೂಳಿನಲ್ಲಿ ನಾವು ಎಷ್ಟು ಸಲ ಬಿದ್ದೆವೆಂದು ಎಣಿಸಿದವರಿಲ್ಲ. ಒಂದು ಮೊರದ ಮೇಲೆ ಇನ್ನೊಂದು ಮೊರ ಇಟ್ಟು, ಎರಡನ್ನೂ ಎತ್ತಲಾರದೆ, ವಿಶ್ವನಾಥಪ್ಪನವರು ಮೂಟೆಯಂತೆ ಉರುಳಿದರು. ಬಾಯಿ ತುಂಬ ಧೂಳು. ಆದರೆ ಮೂರನೆಯ ದಿನ ಕಾಲು ಅಗಲಿಸಿ ಇಡುವುದು ಬಂತು. ಐದನೆಯ ದಿನ ನಿಜವಾಗಿ ಓಡಿದೆವು! ನೇಯ್ಗೆಯ ಸಂದಿಯಲ್ಲಿ ಧೂಳು ಜರಡಿ ಹಿಡಿದಂತೆ ಕೆಳಗೆ ಸೋರುತ್ತಿತ್ತು. ಕಾಲು ಹಗುರವಾಗಿ ಮೇಲೆ ಬರುತ್ತಿತ್ತು. ಮುಂದಿನವನು ದಾರಿ ತುಳಿಯಬೇಕು, ಹಿಂದಿನವರು ಅದೇ ಹೆಜ್ಜೆಯಲ್ಲಿ ಬರಬೇಕು ಎಂದು ವೈಜನಾಥ ನಮ್ಮನ್ನು ಸಾಲು ಹಿಡಿಸಿದರು. ಮನೆಗೆ ಹೋಗುವಾಗ ನಮ್ಮ ರೆಪ್ಪೆಯೂ ಬೂದಿ ಬಣ್ಣ. ನನ್ನ ಅತ್ತೆ ಸುಮಿತ್ರಾಬಾಯಿ, "ಹಿಟ್ಟಿನ ಗಿರಣಿಯಾಗ ಬಿದ್ದಿದ್ಯೇನ?" ಎಂದು ಕೇಳುತ್ತಿದ್ದರು.

ಅಭ್ಯಾಸದಲ್ಲಿ ಆ ಮೊರಗಳು ಸಡಿಲಾದವು. ಶನಿವಾರ ಬೆಳಿಗ್ಗೆ ಚಂದ್ರಭಾಗಾ ಹೊಸ ನಾಲ್ಕು ಜೋಡಿ ನೇಯ್ದು ತಂದು, ಗೋಣಿಯಲ್ಲಿ ಕಟ್ಟಿ ನಮ್ಮ ಮನೆಯಲ್ಲಿಟ್ಟಳು. ನಾನು ಅಂಗಡಿಗೆ ಮಾಲು ತರಲು ನಿಲಂಗಾಕ್ಕೆ ಹೋದೆ. ಸಂಜೆ ಬಂದಾಗ ಗಂಟು ಇಟ್ಟಲ್ಲೇ ಇತ್ತು. ಭಾನುವಾರ ಬೆಳಗಾಗುವ ಮೊದಲೇ ಅದನ್ನು ಹಾಗೇ ಟೆಂಪೋಕ್ಕೆ ಹಾಕಿದೆವು. ಅತ್ತೆಯೂ ನೋಡಲು ಬರುತ್ತೇನೆಂದು ಮುಂದೆ ಚಾಲಕನ ಪಕ್ಕ ಕೂತರು.

ತಲಾವಿನ ಏರಿಯ ಮೇಲೆ ಜನವೋ ಜನ. ಉದಗೀರದವರು ಹಳದಿ ಬನಿಯನ್ನು, ನಿಲಂಗಾದ ಹುಡುಗ ಹುಡುಗಿಯರು ಕೆಂಪು. ಉಮರಗಾದಿಂದ ಇಬ್ಬರು ಮಾಸ್ತರರು ಹೆಂಡಿರ ಸಮೇತ ಬಂದಿದ್ದರು. ನಾನು ಗಂಟು ಬಿಚ್ಚಿದೆ.

ಬಿಚ್ಚಿದವಳು ಹಾಗೇ ಕೂತುಬಿಟ್ಟೆ.

ಎಂಟೂ ಮೊರಗಳನ್ನು ಯಾರೋ ಸಾರಿಸಿದ್ದರು. ಹಳೆಯ ಕಾಗದ ನೆನೆಸಿ, ಮೆಂತ್ಯ ರುಬ್ಬಿ ಹಾಕಿ, ಹೊಸ ಮೊರಕ್ಕೆ ಬಳಿಯುವ ಲೇಪ. ಒಂದು ಸಂದಿ ಬಿಡದೆ ನುಣ್ಣಗೆ ಬಳಿದು, ಬಿಸಿಲಿಗೆ ಒಣಗಿಸಿ, ಮತ್ತೆ ಮೊದಲಿನಂತೆ ಗಂಟು ಕಟ್ಟಿದ್ದರು. ಬಡಿದರೆ ಹಲಗೆಯಂತೆ ಟಣ್ ಎನ್ನುತ್ತಿತ್ತು.

"ನಾನೇ ಸಾರಿಸೀನಿ," ಎಂದರು ಅತ್ತೆ, ಮುಖ ತುಂಬ ಹಿಗ್ಗು. "ಹೊಸಾ ಮೊರ ಸಾರಿಸದೇ ಯಾರರ ಕೊಡ್ತಾರೇನ? ಸಂದ್ಯಾಗಿಂದ ಧೂಳ್ ಬಂದು ನಿಮ್ಮ ಕಾಲಿಗಿ ಹತ್ತತದ ಅಂತ ಎರಡೆರಡು ಸಲ ಬಳದೀನಿ."

ಐವತ್ತು ವರ್ಷ ಅವರ ಕೈಗೆ ಬಂದ ಯಾವ ಹೊಸ ಮೊರವೂ ಸಾರಿಸದೆ ಉಳಿದಿರಲಿಲ್ಲ. ಕಾಳು ಸೋರುವ ಮೊರ ಸೂಳಿ ಮನೆಗೂ ಬೇಡ ಎಂದು ನಮ್ಮಲ್ಲಿ ಮಾತಿದೆ. ನನ್ನ ಮನೆಯಿಂದಲೇ ಈ ತಪ್ಪು ಆಗಿತ್ತು. ಚಂದ್ರಭಾಗಾಳ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ಅತ್ತೆಯ ಕಡೆ ನೋಡಿ, "ಛಲೋ ಸಾರಿಸೀರಿ ಆಯಿ," ಎಂದಳು. ಆದರೆ ಅವಳ ತುಟಿ ಒಣಗಿತ್ತು.

ವೈಜನಾಥ ಕಲ್ಲು ತೆಗೆದುಕೊಂಡು ಕೆತ್ತಲು ನೋಡಿದರು. ಮೆಂತ್ಯ ಬಿಡುತ್ತದೆಯೇ? ಲೇಪದ ಜೊತೆ ಬಿದಿರಿನ ಎಳೆಯೂ ಬರತೊಡಗಿತು.

"ಬಿಡ್ರಿ ಬಿಡ್ರಿ, ಮುರೀತದ!" ಎಂದಳು ಚಂದ್ರಭಾಗಾ. "ಹೆಂಗದ ಹಂಗೇ ಹೋಗೂಣು."

ಜಗದೇವಪ್ಪ ಬಂದು ನೋಡಿದ. ಕಡ್ಡಿಯಂಥ ಮನುಷ್ಯ, ಮಾತು ಮಾತ್ರ ಕೋಲಿನಂಥದ್ದು.

"ಏನ್ ವೈನಿ, ಅಡಗಿ ಮನೀನೇ ತಂದೀರಿ? ಲಟ್ಟಣಿಗಿ ಎಲ್ಲದ?"

"ಅದು ನಿಮ್ಮ ಸಲುವಾಗಿ ಮನ್ಯಾಗ ಇಟ್ಟೀನಿ ಭಾವುಜಿ," ಎಂದೆ. ಜನ ನಕ್ಕರು. ನನಗೆ ನಗು ಬರಲಿಲ್ಲ.

ಸೀಟಿ ಊದಿದರು.

ಮೊರಗಳನ್ನು ಬೆನ್ನಿಗೆ ಕಟ್ಟಿಕೊಂಡು ಮಾಳ ಹತ್ತಿದೆವು. ಜಾಲಿಯ ಮುಳ್ಳು, ಉರುಳುವ ಕಲ್ಲು, ಹಳ್ಳದ ಕೊರಕಲು, ಎಲ್ಲ ನಮ್ಮ ದಿನದ ದಾರಿಯಂಥದೇ. ವೈಜನಾಥ ಮೇಕೆಯಂತೆ ಜಿಗಿದರು. ರಬ್ಬರು ಚಪ್ಪಲಿಯಲ್ಲಿ ಚಂದ್ರಭಾಗಾ ಅವರ ಹಿಂದೆ. ನನ್ನ ಉಸಿರು ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು, ಬೆಳಗಿನ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಆ ಕ್ಷಣಕ್ಕೆ ದೋಣಿಯೂ ನೆನಪಿರಲಿಲ್ಲ, ಟ್ಯಾಂಕರೂ ನೆನಪಿರಲಿಲ್ಲ, ಓಡುವುದೇ ಸಾಕಾಗಿತ್ತು. ಆದರೆ ಹಿಂದಿನಿಂದ ವಿಶ್ವನಾಥಪ್ಪನವರು ಕೂಗುತ್ತಿದ್ದರು:

"ನನ್ನ ಬಿಟ್ಟು ಹೋಗಬ್ಯಾಡ್ರೋ! ಲೆಕ್ಕದಾಗ ನಾನೂ ಒಬ್ಬ ಅದೀನಿ!"

ಅವರಿಗಾಗಿ ಮೂರು ಸಲ ನಿಂತೆವು. ಹೂಳಿನ ಅಂಚಿಗೆ ಬಂದಾಗ ನಾವೇ ಕೊನೆಯವರು. ನಿಲಂಗಾದವರು ಆಗಲೇ ನಡುವೆ ಹೋಗಿ ತೊಡೆಯವರೆಗೆ ಸಿಕ್ಕಿಬಿದ್ದಿದ್ದರು. ಉಮರಗಾದವರು ಒಬ್ಬರನ್ನೊಬ್ಬರು ಎಳೆಯುತ್ತಿದ್ದರು. ಜಗದೇವಪ್ಪ ಮಾತ್ರ ಜಾಣ. ತನ್ನವರನ್ನು ಟ್ರ್ಯಾಕ್ಟರಿನ ಗಾಲಿ ಜಾಡಿನಲ್ಲಿ ಕರೆದೊಯ್ದಿದ್ದ. ಜಾಡು ಸುತ್ತು ಬಳಸಿ ಹೋಗುತ್ತಿತ್ತು, ದೂರ ಒಂದೂವರೆ ಪಟ್ಟು. ಆದರೆ ನೆಲ ಗಟ್ಟಿ. ಹಳದಿ ಬನಿಯನ್ನುಗಳು ಮೆಲ್ಲಗೆ, ತಪ್ಪದೆ ಓಡುತ್ತಿದ್ದವು.

ನಾವು ನೆಟ್ಟಗೆ ಅಡ್ಡ ಹಾಯಬೇಕು. ಮೊರ ಕಟ್ಟಿಕೊಂಡೆವು. ಚಂದ್ರಭಾಗಾ ಬಿದಿರಿನ ಸಿಪ್ಪೆಯಿಂದ ಗಂಟು ಬಿಗಿದಳು.

ಮೊದಲ ಹತ್ತು ಹೆಜ್ಜೆ ಸೊಗಸಾಗಿತ್ತು. ಮುಚ್ಚಿದ ಮೊರ ಧೂಳಿನ ಮೇಲೆ ಮುಚ್ಚಳದಂತೆ ಕೂತಿತು, ಬೆರಳಷ್ಟೂ ಇಳಿಯಲಿಲ್ಲ. ಆಮೇಲೆ ಬದಿಯಿಂದ ಧೂಳು ಒಳಗೆ ಜಾರತೊಡಗಿತು. ಕೆಳಗೆ ಸೋರಲು ದಾರಿಯಿಲ್ಲ. ಒಂದು ಸೇರು, ಎರಡು ಸೇರು. ಇಪ್ಪತ್ತನೆಯ ಹೆಜ್ಜೆಗೆ ಕಾಲಿಗೆ ಕಲ್ಲು ಕಟ್ಟಿದಂತಾಯಿತು. ಮುಂದೆ ವೈಜನಾಥ ಮುಗ್ಗರಿಸಿದರು. ಎದ್ದರು, ಮತ್ತೆ ಮುಗ್ಗರಿಸಿದರು. ಹಿಮದ ಗಡಿ ಕಂಡ ಮನುಷ್ಯ ಧೂಳಿನಲ್ಲಿ ಮೊಳಕಾಲೂರಿ ಬೈಯುತ್ತಿದ್ದರು. ಏರಿಯ ಮೇಲಿನ ಜನ ಕೇಕೆ ಹಾಕಿದರು.

ನನ್ನ ತೊಡೆ ಉರಿಯಿತು. ಸಿಟ್ಟೂ ಬಂತು. ಅತ್ತೆಯ ಮೇಲೆ, ಗಂಟು ಬಿಚ್ಚಿ ನೋಡದ ನನ್ನ ಮೇಲೆ. ನಾಳೆ ಈ ಹೊತ್ತಿಗೆ ಚಂದ್ರಭಾಗಾ ಗಾಡಿ ಹತ್ತಿರುತ್ತಾಳೆ, ನಾನು ತಕ್ಕಡಿ ಹಿಡಿದು ಅಂಗಡಿಯಲ್ಲಿ ಕೂತಿರುತ್ತೇನೆ. ಆ ಸಿಟ್ಟಿಗೆ ಬಲಗಾಲನ್ನು ಝಾಡಿಸಿಬಿಟ್ಟೆ.

ಮೊರದಲ್ಲಿದ್ದ ಧೂಳೆಲ್ಲ ಹೊಟ್ಟಿನಂತೆ ಹಾರಿ ಹೋಯಿತು.

ಕಾಲು ಖಾಲಿ! ಎಡಗಾಲನ್ನೂ ಝಾಡಿಸಿದೆ. ಅದೂ ಖಾಲಿ! ಮೂವತ್ತು ವರ್ಷ ಕೈ ಮಾಡಿದ ಕೆಲಸವನ್ನು ಕಾಲು ತಾನಾಗಿ ಮಾಡಿತ್ತು. ಕಾಳು ಕೇರುವಾಗ ನಾವು ಮೊರವನ್ನು ಎತ್ತಿ ಸುರಿಯುವುದಿಲ್ಲ. ಹಿಂಬದಿ ಎತ್ತಿ, ಮುಂದಿನ ತೆರೆದ ಬಾಯನ್ನು ಕೊಂಚ ಬಾಗಿಸಿ, ಒಮ್ಮೆ ಚಿಮ್ಮಿ, ಥಟ್ಟನೆ ಹಿಂದಕ್ಕೆ ಎಳೆಯುತ್ತೇವೆ. ಹೊಟ್ಟು ಮುಂದೆ, ಕಾಳು ಒಳಗೆ. ಇಲ್ಲಿ ಕಾಳಿಲ್ಲ, ಎಲ್ಲ ಹೊಟ್ಟೇ. ಹಿಮ್ಮಡಿ ಎತ್ತು, ಚಿಮ್ಮು, ಇಡು. ಹಿಮ್ಮಡಿ ಎತ್ತು, ಚಿಮ್ಮು, ಇಡು.

"ಅಕ್ಕಾ ಕಾಲಿಲೇ ಕೇರ್ಲತ್ತಾಳ!" ಚಂದ್ರಭಾಗಾ ಚೀರಿದಳು. ಒಂದು ಸಲ ನೋಡಿದ್ದೇ ಸಾಕಾಯಿತು ಅವಳಿಗೆ. ಎರಡನೆಯ ಹೆಜ್ಜೆಗೆ ನನಗಿಂತ ಚೆನ್ನಾಗಿ ಕೇರತೊಡಗಿದಳು. "ಹವಾಲ್ದಾರ್ ಕಾಕಾ, ಎತ್ತಬ್ಯಾಡ್ರಿ! ಕೇರ್ರಿ, ಕೇರ್ರಿ!"

"ಕೇರೋದ್ ನಂಗೇನ್ ಗೊತ್ತ ಬೇ? ಮಿಲಿಟ್ರ್ಯಾಗ ಕಲಿಸಿಲ್ಲ!"

"ಅಕ್ಕನ ಕಾಲ್ ನೋಡ್ರಿ!"

ವೈಜನಾಥ ನೋಡಿದರು. ಹೆಜ್ಜೆ ಕಲಿಯುವುದು ಫೌಜಿನವರಿಗೆ ಹೊಸದಲ್ಲ; ನಾಲ್ಕು ಸಲ ತಪ್ಪಿ ಐದನೆಯ ಸಲಕ್ಕೆ ಹಿಡಿದರು. ಉಳಿದವರು ವಿಶ್ವನಾಥಪ್ಪ. ಮಂಡಿಯುದ್ದ ಧೂಳಿನಲ್ಲಿ ನಿಂತು ಅವರು ಕೈ ಆಡಿಸಿದರು.

"ನೀವ್ ಹೋಗ್ರವ್ವಾ. ನಂದು ಮುಗೀತು."

"ನೀವ್ ಬರಲಿಲ್ಲಂದ್ರ ನಾವ್ ಹೋಗಿ ಏನ್ ಮಾಡೋದ?" ಎಂದೆ. "ನಾಲ್ಕನೇದವರ ಲೆಕ್ಕ ಅದ."

ಚಂದ್ರಭಾಗಾ ಹಿಂದಿರುಗಿ ಅವರ ಹತ್ತಿರ ಹೋದಳು. "ಮಾಲಕ್ರ, ನಿಮ್ ಗೋದಾಮದಾಗ ಹೆಣ್ಮಕ್ಕಳು ತೊಗರಿ ಕೇರ್ತಾರಲ್ಲ, ದಿನಾ ಅವರ ಮುಂದ ನಿಂತು ಏನಂತ ಬೈತೀರಿ?"

"ಏನಂತಂದ್ರ… ಜೋರ್ ಝಾಡಿಸ್ರಿ, ಹೊಟ್ಟ್ ಉಳೀಬಾರ್ದು ಅಂತೀನಿ."

"ಅದನ್ನೇ ಈಗ ನಿಮ್ ಕಾಲಿಗಿ ಬೈರಿ! ನನ್ ಹೆಗಲ ಹಿಡೀರಿ!"

ಅವರು ಅವಳ ಹೆಗಲ ಮೇಲೆ ಎರಡೂ ಕೈ ಇಟ್ಟರು. ಮುಂದೆ ವೈಜನಾಥ ದಾರಿ ತುಳಿದರು, ನಾನು ಎರಡನೆಯವಳು, ಆಮೇಲೆ ಚಂದ್ರಭಾಗಾ, ಅವಳ ಹಿಂದೆ ರೈಲಿನ ಡಬ್ಬಿಯಂತೆ ವಿಶ್ವನಾಥಪ್ಪ. ನಾನು ಕೂಗಿ ತಾಳ ಹಾಕಿದೆ: "ಎತ್ತು, ಝಾಡಿಸು, ಇಡು!" ಅವರು ಬೈದರು: "ಜೋರ್ ಝಾಡಿಸ್ರಿ! ಹೊಟ್ಟ್ ಉಳೀಬಾರ್ದು!" ತಮ್ಮ ಕಾಲಿಗೆ ತಾವೇ ಬೈದುಕೊಳ್ಳುತ್ತ, ಒಂದು ಹೆಜ್ಜೆ ತಪ್ಪಿ, ಎರಡು ಹೆಜ್ಜೆ ಸರಿಯಾಗಿ, ಆಮೇಲೆ ಹತ್ತು ಸರಿಯಾಗಿ, ಆ ತೊಂಬತ್ತು ಕಿಲೋ ಮನುಷ್ಯ ಕೇರತೊಡಗಿದರು!

ಈಗ ಹೋದೆವು ನೋಡಿ. ಸಾರಿಸಿದ ಮೊರ ಧೂಳಿನ ಮೇಲೆ ತೇಲುತ್ತಿತ್ತು. ಸಂದಿಯಿದ್ದ ಹಳೆಯ ಮೊರ ನಾಲ್ಕು ಬೆರಳು ಇಳಿಯುತ್ತಿತ್ತು. ಇದು ಇಳಿಯುತ್ತಲೇ ಇರಲಿಲ್ಲ. ನಾಲ್ಕು ಜನರ ಎಂಟು ಕಾಲಿನಿಂದ ಧೂಳು ಕಾರಂಜಿಯಂತೆ ಎದ್ದು ಪಡುವಣ ಗಾಳಿಗೆ ಪಕ್ಕಕ್ಕೆ ಹೋಗುತ್ತಿತ್ತು. ಉಮರಗಾದ ಮಾಸ್ತರರನ್ನು ದಾಟಿದೆವು. ನಿಲಂಗಾದವರನ್ನು ದಾಟುವಾಗ ಒಬ್ಬ ಹುಡುಗ ಸೊಂಟದವರೆಗೆ ಹೂತು ಕೈ ಚಾಚಿದ: "ಮಾವಶಿ, ಆಮ್ಹಾಲಾ ಪಣ ಘ್ಯಾ ನಾ!" ನಮ್ಮನ್ನೂ ಕರಕೊಂಡು ಹೋಗು ಎಂದು. "ಮುಂದಿನ ವರ್ಸ!" ಎಂದೆ. ಏರಿಯ ಮೇಲೆ ಕೇಕೆ ಹಾಕುತ್ತಿದ್ದವರೇ ಈಗ "ಪಳಾ, ಪಳಾ! ಓಡ್ರಿ, ಓಡ್ರಿ!" ಎಂದು ಕುಣಿಯುತ್ತಿದ್ದರು. ಆ ಗದ್ದಲದ ಮೇಲೆ ಅತ್ತೆಯ ದನಿ ಬೇರೆಯೇ ಕೇಳುತ್ತಿತ್ತು: "ನಾನೇ ಸಾರಿಸಿದ್ದು! ನಾನೇ ಸಾರಿಸಿದ್ದು!"

ಹೂಳು ಮುಗಿದು ಏರಿಯ ಬುಡಕ್ಕೆ ಬಂದಾಗ ಹಳದಿಯವರು ಜಾಡಿನ ಕೊನೆಯ ತಿರುವಿನಲ್ಲಿದ್ದರು. ಇನ್ನು ಇನ್ನೂರು ಹೆಜ್ಜೆ ಗಟ್ಟಿ ನೆಲದ ಏರು. ಮೊರ ಬಿಚ್ಚಬೇಕು. ಬಿದಿರಿನ ಸಿಪ್ಪೆ ಒಣಗಿ ಕಬ್ಬಿಣದಂತೆ ಬಿಗಿದಿತ್ತು. ಚಂದ್ರಭಾಗಾ ಸೊಂಟದಿಂದ ಸಣ್ಣ ಕತ್ತಿ ತೆಗೆದಳು. ವೈಜನಾಥರದು ಕಚಕ್ ಕಚಕ್. ನನ್ನದು. ತನ್ನದು. "ಹೋಗ್ರಿ ನೀವು!" ಎಂದಳು. ನಾವು ಏರು ಹತ್ತಿದೆವು. ಹಿಂದಿರುಗಿ ನೋಡಿದರೆ ವಿಶ್ವನಾಥಪ್ಪನವರ ಎಡಗಾಲು ಬಿಡುಗಡೆಯಾಗಿತ್ತು, ಬಲಗಾಲಿನ ಗಂಟು ಧೂಳು ಬೆವರು ಸೇರಿ ಗಾರೆಯಾಗಿತ್ತು. ಹಳದಿಯವರು ಮೂವರು ಅವರ ಪಕ್ಕದಲ್ಲೇ ದಾಟಿ ಮೇಲೆ ಬಂದರು. ನಾಲ್ಕನೆಯವನು ಜಗದೇವಪ್ಪ, ತನ್ನವರನ್ನು ಮುಂದೆ ಬಿಟ್ಟು ತಾನು ಹಿಂದಿನಿಂದ ಅಟ್ಟಿಕೊಂಡು ಬರುತ್ತಿದ್ದ.

"ಬಿಡು ಬೇ, ಹಿಂಗೇ ಹೋಗ್ತೀನಿ!" ಎಂದು ವಿಶ್ವನಾಥಪ್ಪನವರು ಒಂದು ಕಾಲಿಗೆ ಮೊರ ಇದ್ದಂತೆಯೇ ಎದ್ದರು.

ಆ ಏರನ್ನು ಅವರು ಹೇಗೆ ಹತ್ತಿದರೋ ಅವರಿಗೇ ಗೊತ್ತಿಲ್ಲ. ಒಂದು ಕಾಲು ಸುಮ್ಮನೆ, ಒಂದು ಕಾಲು ಫಟ್! ಸುಮ್ಮನೆ, ಫಟ್! ಹಿಂದಿನಿಂದ ಚಂದ್ರಭಾಗಾ ಎರಡೂ ಕೈಯಿಂದ ಅವರ ಸೊಂಟ ದಬ್ಬುತ್ತಿದ್ದಳು. ಜಗದೇವಪ್ಪ ಐದು ಹೆಜ್ಜೆ ಹಿಂದೆ. ಮೂರು ಹೆಜ್ಜೆ. ಹೆಗಲಿಗೆ ಹೆಗಲು. ನಾನು ಗೆರೆಯ ಆಚೆ ನಿಂತು ಏನು ಕೂಗಿದೆನೋ ನೆನಪಿಲ್ಲ. ಎರಡು ದಿನ ಗಂಟಲು ಕಟ್ಟಿತ್ತು. ಗೆರೆಗೆ ಒಂದು ಮಾರು ಇರುವಾಗ ಚಂದ್ರಭಾಗಾ ಪಕ್ಕಕ್ಕೆ ಸರಿದು, ಒಂದೇ ನೆಗೆತಕ್ಕೆ ತಾನು ದಾಟಿದಳು. ವಿಶ್ವನಾಥಪ್ಪನವರ ಮೊರ ನೆಲಕ್ಕೆ ಸಿಕ್ಕಿತು. ಅವರು ಬಿದ್ದರು, ಮುಂದಕ್ಕೆ ಬಿದ್ದರು. ಜಗದೇವಪ್ಪ ಎದೆ ಚಾಚಿದ. ಗೆರೆಗೆ ಮೈ ತಾಕಿದವರು ಮೊದಲು ಎಂದು ರೂಢಿ. ಜಗದೇವಪ್ಪನ ಎದೆಗಿಂತ ಗೇಣು ಮೊದಲು ವಿಶ್ವನಾಥಪ್ಪನವರ ಹೊಟ್ಟೆ ಗೆರೆ ದಾಟಿತ್ತು.

ಸೀಟಿ ಹಿಡಿದು ನಿಂತಿದ್ದವರು ಉದಗೀರದವರೇ. ನೋಡಿದ್ದನ್ನು ನೋಡಿದಂತೆ ಹೇಳಿದರು: ಔರಾದ.

ಜಗದೇವಪ್ಪ ಮಂಡಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಉಸಿರು ತಿರುಗಿಸಿಕೊಂಡ. ಆಮೇಲೆ ಬಿದ್ದವರನ್ನು ಕೈ ಹಿಡಿದು ಎತ್ತಿದ. "ಡಾಕ್ಟರ್ ಮಾತ್ ಕೇಳಬ್ಯಾಡ್ರಿ ಅಪ್ಪಾ. ಇದು ಕೆಲ್ಸದ ಹೊಟ್ಟಿ ಅದ." ಚಂದ್ರಭಾಗಾ ನಗಲೂ ಇಲ್ಲ, ಅಳಲೂ ಇಲ್ಲ. ವಿಶ್ವನಾಥಪ್ಪನವರ ಕಾಲ ಬಳಿ ಕೂತು ಉಳಿದಿದ್ದ ಗಂಟನ್ನು ಕೊಯ್ಯುತ್ತ, "ಬರ್ತದಲ್ರೀ ಅಕ್ಕಾ? ಖರೇ ನಾಳೀಗೇ ಬರ್ತದಲ್ಲ?" ಎಂದು ನನ್ನನ್ನು ಮೂರು ಸಲ ಕೇಳಿದಳು.

ಸೋಮವಾರ ಒಂಬತ್ತಕ್ಕೆ ಮುಕಾದಮನ ಗಾಡಿ ಬಂತು, ಟ್ಯಾಂಕರ್ ಬಂದಿರಲಿಲ್ಲ. ನಾನು ಅಂಗಡಿ ಮುಚ್ಚಿ ಅವಳ ಜೊತೆ ದೋಣಿಯ ಅಂಚಿನ ಮೇಲೆ ಕೂತಿದ್ದೆ. ಮುಕಾದಮ ಹಾರ್ನ್ ಹೊಡೆದ. ಅವಳು ಒಮ್ಮೆ ಅವನ ಕಡೆ, ಒಮ್ಮೆ ಉದಗೀರದ ದಾರಿಯ ಕಡೆ ನೋಡಿದಳು.

"ನಾ ಬರಂಗಿಲ್ಲ ಹೋಗೋ ಅಣ್ಣಾ," ಎಂದಳು.

ಗಾಡಿ ಹೋಯಿತು. ಹನ್ನೊಂದೂವರೆಗೆ ಟ್ಯಾಂಕರ್ ಬಂತು.

ಮಳೆ ಹಿಡಿಯುವ ತನಕ ಏಳು ಟ್ಯಾಂಕರ್ ಬರಬೇಕಿತ್ತು. ಒಂದು ವಾರ ಚಾಲಕ ಲಗ್ನಕ್ಕೆ ಹೋಗಿದ್ದರಿಂದ ಆರು ಬಂದವು. ಆ ನೀರಿನಲ್ಲಿ ಚಂದ್ರಭಾಗಾ ಆರಿದ್ರಾ ಮಳೆಯ ಹೊತ್ತಿಗೆ ಎಂಬತ್ತು ಮೊರ ನೇಯ್ದಳು. ಊರಲ್ಲೇ ಉಳಿದಳು. ಗಂಡ ದೀಪಾವಳಿಗೆ ಬಂದವನು ಮತ್ತೆ ಹೋಗಲಿಲ್ಲ. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಹೋಯಿತು, ನಾಲ್ಕು ಜೋಡಿ ಮೊರದಲ್ಲಿ ಮೂರು ಮುರಿದವು. ಭಾದ್ರಪದದಲ್ಲಿ ಒಂದೇ ವಾರ ಮಳೆ ಬಡಿದು ತಲಾವು ಕೋಡಿ ಬಿತ್ತು. ಹೂಳಿನ ಓಟ ಆ ಒಂದೇ ವರ್ಷ. ನಾವು ಓಡಿದ ಜಾಗದ ಮೇಲೆ ಈಗ ಹದಿನೆಂಟು ಅಡಿ ನೀರಿದೆ.